ಪುಟಕ್ಕೆ ತೊಡಿಸುವ ತೊಡವುಗಳು: ಕನ್ನಡ ಜಾಲಬರಹದ ಒಂದು ಕಿರು ಇತಿಹಾಸ

ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬರೆದವನ ಹೆಸರು ಚಪಡ. ಚಕ್ರವರ್ತಿಯ ಆಜ್ಞೆಯನ್ನು ಇಸಿಲದ ಮಹಾಮಾತ್ರರಿಗೆ ತಲುಪಿಸುವ ಆ ಬರಹದ ಪಾಠವನ್ನೆಲ್ಲ ಅವನು ಬ್ರಾಹ್ಮೀ ಲಿಪಿಯಲ್ಲಿ ಬರೆದು, ಕಟ್ಟಕಡೆಗೆ ತನ್ನ ಹೆಸರಿನ ಜೊತೆ 'ಲಿಪಿಕಾರನಿಂದ' ಎಂಬರ್ಥದ ಒಂದೇ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಈ ಸೀಮೆಯ ಲಿಪಿಯಲ್ಲ. ವಾಯವ್ಯದ ಗಾಂಧಾರ ಪ್ರಾಂತ್ಯದ್ದು. ಚಪಡ ಅಲ್ಲಿಂದ ಬಂದವನೋ ಅಲ್ಲಿ ಕಲಿತವನೋ, ಅಂತೂ ತಾನು ಬಲ್ಲ ವಿದ್ಯೆಯನ್ನು ತನ್ನ ಸಹಿಯಲ್ಲಿ ಮಾತ್ರ ತೋರಿಸಿ ಸುಮ್ಮನಾದ.

ಈ ಶಾಸನವನ್ನು ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು 1892ರಲ್ಲಿ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಬಂಡೆಯ ಮೇಲೆ ಮಲಗಿದ್ದ ಅಕ್ಷರಗಳನ್ನು ಓದಲು ಆಗ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಏಕೆಂದರೆ 1837ರಲ್ಲಿಯೇ ಜೇಮ್ಸ್ ಪ್ರಿನ್ಸೆಪ್ ಉತ್ತರದ ಶಾಸನಗಳ ಆಧಾರದಿಂದ ಬ್ರಾಹ್ಮಿಯ ಗುಟ್ಟನ್ನು ಬಿಡಿಸಿಟ್ಟಿದ್ದ. ದೆಹಲಿಯ ಕಂಬದ ಮೇಲೆಯೂ ಸಾಂಚಿಯ ಕಟಕಟೆಯ ಮೇಲೆಯೂ ಇದ್ದ ಲಿಪಿಯೇ ನಮ್ಮ ಬ್ರಹ್ಮಗಿರಿಯಲ್ಲಿಯೂ ಇದ್ದುದರಿಂದ ಅಲ್ಲಿ ಸಿಕ್ಕ ಬೀಗದ ಕೈಯಿಂದ ಇಲ್ಲಿಯ ಬಾಗಿಲೂ ತೆರೆಯಿತು. ಎಲ್ಲರಿಗೂ ಸಮಾನವಾದ ಲಿಪಿಯಲ್ಲಿ ಬರೆಯುವುದರ ಲಾಭ ಇದು.

ಗಣಕದ ವಿಷಯ ಹೇಳಹೊರಟು ಅಶೋಕನವರೆಗೆ ಹೋದದ್ದಕ್ಕೆ ಓದುಗರು ನಗಬಹುದು. ಇತಿಹಾಸದ ಮೇಷ್ಟ್ರಾಗಿದ್ದವನಿಗೆ ಈ ಚಾಳಿ ಬೇಗ ಬಿಡುವುದಿಲ್ಲ. ನಿವೃತ್ತರಾದ ಮೇಲೆ ಸ್ವಂತ ಜಾಲತಾಣ ತೆರೆದು ಬರೆಯಲಾರಂಭಿಸಿರುವ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮಿತ್ರರು ಹಲವರಿದ್ದಾರೆ. "ಸಾರ್, ಪುಟಕ್ಕೆ ಯಾವ ಯಾವ ಪ್ಲಗಿನ್ ಹಾಕಿಕೊಂಡರೆ ಚೆನ್ನ?" ಎಂದು ಅವರು ಆಗಾಗ ಕೇಳುತ್ತಾರೆ. ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಜೋಡಿಸುವ, ಬೇಡವಾದಾಗ ಕಳಚಿಡಬಹುದಾದ ಚಿಕ್ಕ ಚಿಕ್ಕ ಉಪಕರಣಗಳಿಗೆ ಆ ಹೆಸರು. ನಾನು ಅವುಗಳನ್ನು ತೊಡವುಗಳೆಂದು ಕರೆಯುತ್ತೇನೆ. ಯಾವುದನ್ನು ತೊಡಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಪಟ್ಟಿಗಿಂತ ಹಿಂದೆ ನಡೆದುದರ ತಿಳಿವಳಿಕೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ. ಅದಕ್ಕಾಗಿ ಈ ಬರಹ.

ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು 1996ರಲ್ಲಿ. ಆ ಕಾಲದಲ್ಲಿ ಕನ್ನಡ ಪುಟವನ್ನು ಓದಬೇಕೆಂದರೆ ಓದುವವನು ಮೊದಲು ಆ ತಾಣದ ಅಕ್ಷರಶೈಲಿಯನ್ನು, ಅಂದರೆ ಫಾಂಟನ್ನು, ಇಳಿಸಿಕೊಂಡು ತನ್ನ ಗಣಕದಲ್ಲಿ ಸ್ಥಾಪಿಸಬೇಕಾಗಿತ್ತು. ತಾಣಕ್ಕೊಂದು ಫಾಂಟು. ಒಂದನ್ನು ಹಾಕಿಕೊಂಡವನಿಗೆ ಇನ್ನೊಂದು ಪುಟ ಕಾಣದು. ಈ ಕಷ್ಟಕ್ಕೆ ಪರಿಹಾರವಾಗಿ ಬಂದ ಮೊದಲ ತೊಡವೇ ಡೈನಮಿಕ್ ಫಾಂಟ್. 1997ರಲ್ಲಿ ಬಂದ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಳ ನಾಲ್ಕನೆಯ ಆವೃತ್ತಿಗಳು, ಪುಟದ ಜೊತೆಯಲ್ಲಿಯೇ ಫಾಂಟನ್ನೂ ತಾವಾಗಿ ತರಿಸಿಕೊಳ್ಳುವ ಏರ್ಪಾಡನ್ನು ಮಾಡಿದವು. ಓದುಗ ಏನೂ ಮಾಡಬೇಕಾಗಿರಲಿಲ್ಲ. ಪುಟ ತೆರೆದರೆ ಕನ್ನಡ. ನೋಡಿದವರಿಗೆ ಅದೊಂದು ಪವಾಡ.

ಆದರೆ ನೆಟ್‌ಸ್ಕೇಪಿನ ಕ್ರಮವೇ ಬೇರೆ, ಎಕ್ಸ್‌ಪ್ಲೋರರಿನ ಕ್ರಮವೇ ಬೇರೆ. ನೆಟ್‌ಸ್ಕೇಪ್ ಬೇಗನೆ ಅಸ್ತಮಿಸಿತು. ಎಕ್ಸ್‌ಪ್ಲೋರರ್ ಬಹುಕಾಲ ಬಾಳಿ 2022ರ ಜೂನ್‌ನಲ್ಲಿ ಅಧಿಕೃತವಾಗಿ ನಿವೃತ್ತಿಯಾಯಿತು. ತೊಡವು ಕಳಚಿಬಿದ್ದ ಮೇಲೆ ಆ ಪುಟಗಳಲ್ಲಿ ಉಳಿದದ್ದೇನು? ತಲೆಯ ಮೇಲೆ ಚುಕ್ಕೆ, ಬಾಲದಲ್ಲಿ ಕೊಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಏಕೆಂದರೆ ಒಳಗೆ ಕನ್ನಡ ಎಂದೂ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿ ಕನ್ನಡದ ಕೊಂಬು, ತಲೆಕಟ್ಟು, ಒತ್ತುಗಳ ಚಿತ್ರಗಳನ್ನು ಕೂರಿಸಿ, ಕಣ್ಣಿಗೆ ಕನ್ನಡವೆಂಬಂತೆ ತೋರಿಸಿದ್ದರು, ಅಷ್ಟೆ. ಫಾಂಟು ಹೋದ ದಿನವೇ ಭಾಷೆಯೂ ಹೋಯಿತು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಆಗ ಬೇರೆ ದಾರಿಯಿರಲಿಲ್ಲ. ಕೆ. ಪಿ. ರಾವ್ ಅವರು (ಕಿನ್ನಿಕಂಬಳ ಪದ್ಮನಾಭ ರಾವ್) ಧ್ವನಿಗೆ ಅನುಸಾರವಾದ, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಒತ್ತಬಹುದಾದ ವಿನ್ಯಾಸವನ್ನು ಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ'ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ರೂಪಿಸಿತು. ಪೂರ್ಣಚಂದ್ರ ತೇಜಸ್ವಿಯವರಂಥ ಸಾಹಿತಿಗಳು ಕನ್ನಡ ತಂತ್ರಾಂಶದ ಸ್ಥಿತಿಗತಿಯನ್ನು ಕುರಿತು ಚಿಂತಿಸಿದರು. ಇವರೆಲ್ಲರ ಪರಿಶ್ರಮವಿಲ್ಲದಿದ್ದರೆ ಹಳ್ಳಿಯ ಮೇಷ್ಟ್ರಿಗೆ ಗಣಕದಲ್ಲಿ ಒಂದು ಸಾಲು ಕನ್ನಡ ಬರೆಯುವುದೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಒತ್ತುವ ಕ್ರಮ ಬೇರೆ, ಒತ್ತಿದ್ದು ಒಳಗೆ ಸಂಗ್ರಹವಾಗುವ ಕ್ರಮ ಬೇರೆ ಎಂಬುದು ನಮ್ಮಲ್ಲಿ ಬಹುಮಂದಿಗೆ ಆಗ ಹೊಳೆದಿರಲಿಲ್ಲ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 128 ಸ್ಥಾನಗಳ ಒಂದು ಕೇರಿ 1991ರಲ್ಲಿಯೇ ಮೀಸಲಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ 'ತುಂಗಾ' ಎಂಬ ಫಾಂಟ್ ಬಂದ ಮೇಲೆ ಆ ಕೇರಿಗೆ ಜನ ವಾಸಕ್ಕೆ ಬರಲಾರಂಭಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲಿ, ಹರಿಪ್ರಸಾದ್ ನಾಡಿಗರ 'ಸಂಪದ' 2005ರಲ್ಲಿ ಆರಂಭವಾದವು. ಆದರೆ ಮುದ್ರಣಾಲಯಗಳೂ ಡಿಟಿಪಿ ಅಂಗಡಿಗಳೂ ಹಳೆಯ ಕೇರಿಯಲ್ಲೇ ಬಹುಕಾಲ ಉಳಿದವು.

ಇದರ ಫಲವನ್ನು ನಾನು ಹತ್ತಿರದಿಂದ ಕಂಡೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಸೇವೆಯಲ್ಲಿದ್ದಾಗ ಪ್ರತಿ ಬೇಸಗೆಯ ರಜೆಯಲ್ಲಿ ಟೇಪ್ ರೆಕಾರ್ಡರ್ ಹೊತ್ತು ಹಿರಿಯೂರು, ಚಳ್ಳಕೆರೆ, ಶಿರಾ ಸೀಮೆಯ ಗೊಲ್ಲರಹಟ್ಟಿಗಳನ್ನು ಸುತ್ತುತ್ತಿದ್ದರು. ಜುಂಜಪ್ಪನ ಪದಗಳು, ಸೋಬಾನೆಗಳು, ಹಟ್ಟಿಯ ಹುಟ್ಟಿನ ಕಥೆಗಳು ಎಲ್ಲವನ್ನೂ ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಪುಸ್ತಕವಾಗಿಸುವ ಆಸೆಯಿಂದ ಒಂದು ಡಿಟಿಪಿ ಅಂಗಡಿಯಲ್ಲಿ ಕೈಯಿಂದ ಹಣ ಹಾಕಿ ಎಲ್ಲವನ್ನೂ ಅಚ್ಚುಗೂಡಿಸಿದರು. ಪುಸ್ತಕ ಹೊರಬರಲಿಲ್ಲ. ಅವರು ತೀರಿಕೊಂಡರು. ನೋಟುಪುಸ್ತಕಗಳಿಗೆ ಗೆದ್ದಲು ಹಿಡಿಯಿತು, ಟೇಪುಗಳು ಬೂಷ್ಟು ಹಿಡಿದು ಅಂಟಿಕೊಂಡವು. ಉಳಿದದ್ದು ಒಂದು ಸಿ.ಡಿ. ಮಾತ್ರ. ಅವರ ಮಗಳು ಅದನ್ನು ನನ್ನ ಕೈಗಿತ್ತು, "ಅಪ್ಪಾಜಿ ಬರೆದದ್ದೆಲ್ಲ ಇದರಲ್ಲಿದೆಯಂತೆ, ನಿಮ್ಮ ತಾಣದಲ್ಲಿ ಹಾಕಿ ಸಾರ್" ಎಂದಳು.

ತೆರೆದರೆ ಅದೇ ರೋಮನ್ ಸಂತೆ. ಅಂಗಡಿ ಯಾವಾಗಲೋ ಮುಚ್ಚಿತ್ತು. ಫಾಂಟಿನ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. 'ಬರಹ', 'ನುಡಿ'ಗಳ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳನ್ನು ಕನ್ನಡದ ತಂತ್ರಾಂಶ ಬಲ್ಲವರು ಬಹಳ ಹಿಂದೆಯೇ ಮಾಡಿಕೊಟ್ಟಿದ್ದಾರೆ, ಅದೂ ಹಲವು ಉಚಿತವಾಗಿ. ಆದರೆ ಈ ಫಾಂಟಿಗೆ ಅವು ಒಗ್ಗಲಿಲ್ಲ. ಕಡೆಗೆ ನಮ್ಮ ನೆರವಿಗೆ ಬಂದದ್ದು ಆ ಸಿ.ಡಿ.ಯ ಚೀಲದಲ್ಲಿಯೇ ಮಡಿಸಿಟ್ಟಿದ್ದ ಕರಡಚ್ಚಿನ ಹದಿನಾರು ಹಾಳೆಗಳು. ತೆರೆಯ ಮೇಲಿನ ಗೊಂದಲದ ಸಾಲನ್ನೂ ಕಾಗದದ ಮೇಲಿನ ಕನ್ನಡದ ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ರೋಮನ್ ಗುರುತು ಯಾವ ಕನ್ನಡ ತುಣುಕು ಎಂದು ಒಂದೊಂದಾಗಿ ಪಟ್ಟಿ ಮಾಡಿದೆವು. ಪಟ್ಟಿ ಮಾಡಿದವನು ನಾನು. ಅದನ್ನು ನಡೆಸುವ ಚಿಕ್ಕ ಕ್ರಮವಿಧಿಯನ್ನು ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಮುನ್ನೂರು ಗುರುತುಗಳಿಗೆ ಹತ್ತಿರ ಹತ್ತಿರ ಆಯಿತು. ಪ್ರಿನ್ಸೆಪ್ಪನ ನೆನಪು ಆಗ ಬಾರದಿದ್ದರೆ ನಾನು ಇತಿಹಾಸದ ಮೇಷ್ಟ್ರೇ ಅಲ್ಲ.

ಎಲ್ಲಕ್ಕಿಂತ ಕಾಡಿದ್ದು ಅರ್ಕಾವೊತ್ತು. 'ಚಿತ್ರದುರ್ಗ' ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು ಉಚ್ಚರಿಸುವಾಗ ರಕಾರ ಮೊದಲು, ಗಕಾರ ಆಮೇಲೆ. ಯೂನಿಕೋಡ್ ಕೂಡ ಉಚ್ಚಾರಣೆಯ ಕ್ರಮದಲ್ಲಿಯೇ ಸಂಗ್ರಹಿಸುತ್ತದೆ. ಹಳೆಯ ಫಾಂಟುಗಳಲ್ಲಾದರೋ ಕಣ್ಣಿಗೆ ಕಾಣುವ ಕ್ರಮ: ಮೊದಲು ಗ, ಅದರ ಬಲಕ್ಕೆ ಅರ್ಕಾವೊತ್ತಿನ ಚಿತ್ರ. ಆದ್ದರಿಂದ ಬರಿಯ ಗುರುತಿಗೆ ಗುರುತು ಬದಲಾಯಿಸಿದರೆ ಸಾಲದು, ಹಿಂದಿನದನ್ನು ಮುಂದಕ್ಕೆ ತರಬೇಕು. ಇದೇ ಪದದ 'ತ್ರ'ದಲ್ಲಿ ರಕಾರ ಒತ್ತಾಗಿ ಕೆಳಗೆ ಬರುತ್ತದೆ. ಅಲ್ಲಿ ಕ್ರಮ ಬೇರೆ. ಹೀಗೆ ಎರಡು ಬಗೆಯ ತೊಡಕೂ ಒಂದೇ ಪದದಲ್ಲಿ ಸಿಕ್ಕುವುದರಿಂದ ಯಾವುದೇ ಕನ್ನಡ ಉಪಕರಣವನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯ ಹೆಸರಿಗಿಂತ ಒಳ್ಳೆಯ ಪದವಿಲ್ಲ ಎಂದು ಮಿತ್ರರಿಗೆ ಹೇಳುತ್ತಿರುತ್ತೇನೆ. 'ಹೊಸದುರ್ಗ' ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮೊದಲಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಇವೆರಡನ್ನೂ ಒಂದೆಂದು ಅರಿಯದ ಹುಡುಕು ಉಪಕರಣವಿದ್ದರೆ, ಹೊಸದುರ್ಗ ಇದ್ದೂ ಸಿಕ್ಕುವುದಿಲ್ಲ.

ಇನ್ನು ಪ್ಲಗಿನ್ನುಗಳ ಕಥೆ. ಮಿಶೆಲ್ ವಾಲ್ಡ್ರಿಗಿ ಎಂಬಾತನ 'ಬಿ2' ಎಂಬ ತಂತ್ರಾಂಶ ಅರ್ಧದಲ್ಲಿ ನಿಂತಾಗ, ಅದರ ಬುಡದಿಂದ ಚಿಗುರೊಡೆದದ್ದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ 2003ರ ಮೇ 27ರಂದು ಬಿಡುಗಡೆ ಮಾಡಿದ ವರ್ಡ್‌ಪ್ರೆಸ್. ಮರುವರ್ಷದ ಮೇ ತಿಂಗಳಲ್ಲಿ ಬಂದ 1.2ನೆಯ ಆವೃತ್ತಿಯಲ್ಲಿ, ಮೂಲಕ್ಕೆ ಕೈಹಚ್ಚದೆ ಹೊರಗಿನಿಂದ ತುಣುಕುಗಳನ್ನು ಜೋಡಿಸುವ ವ್ಯವಸ್ಥೆ ಸೇರಿತು. ಮೊದಲ ಪ್ಲಗಿನ್ನಿನ ಹೆಸರು 'ಹಲೋ ಡಾಲಿ'. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಆ ಹೆಸರಿನ ಗೀತೆಯ ಒಂದೊಂದು ಸಾಲನ್ನು ನಿರ್ವಹಣಾ ಪುಟದ ಮೂಲೆಯಲ್ಲಿ ತೋರಿಸುವುದಷ್ಟೇ ಅದರ ಕೆಲಸ. ಯಾವ ಉಪಯೋಗವೂ ಇಲ್ಲದ ತೊಡವೇ ಮೊದಲನೆಯದಾದದ್ದು ಮುಂದಿನದಕ್ಕೆಲ್ಲ ಶಕುನವಾಯಿತೇನೋ! ಇಂದು ವರ್ಡ್‌ಪ್ರೆಸ್‌ನ ಸ್ವಂತ ಭಂಡಾರದಲ್ಲಿಯೇ ಸುಮಾರು 60,000 ಪ್ಲಗಿನ್ನುಗಳಿವೆ.

2007ರಿಂದ ಮುಂದಿನ ನಾಲ್ಕೈದು ವರ್ಷ ಕನ್ನಡದಲ್ಲಿ ಸ್ವಂತ ಪುಟಗಳ ಸುಗ್ಗಿ. ಆಗಿನ ಪುಟಗಳ ಅಲಂಕಾರವನ್ನು ನೆನೆದರೆ ಜಾತ್ರೆಯ ತೇರು ಕಣ್ಣಿಗೆ ಕಟ್ಟುತ್ತದೆ. ಬಂದವರ ಸಂಖ್ಯೆಯನ್ನು ಎಣಿಸುವ ಪೆಟ್ಟಿಗೆ, ಓಡುವ ಅಕ್ಷರ, ಗಡಿಯಾರ, ಪಂಚಾಂಗ, ಈಜುವ ಮೀನು, ಪುಟ ತೆರೆದೊಡನೆ ಮೊಳಗುವ ಕೊಳಲು. ಡಿಸೆಂಬರ್ ಬಂದರೆ ಪುಟದ ಮೇಲೆ ಹಿಮ ಸುರಿಸುವ ಸೌಲಭ್ಯವೂ ಇತ್ತು. ಮಳೆಯನ್ನೇ ಕಾಯುವ ನಮ್ಮ ಬಯಲುಸೀಮೆಯ ಬರಹಗಾರರ ಪುಟಗಳ ಮೇಲೂ ಹಿಮ ಬಿದ್ದದ್ದನ್ನು ನಾನು ಕಂಡಿದ್ದೇನೆ. ಪ್ರತಿ ಬರಹದ ಅಡಿಯಲ್ಲಿ ಆರ್ಕುಟ್‌ಗೆ ಹಂಚುವ ಗುಂಡಿ. ಪಕ್ಕದಲ್ಲಿ ಗೂಗಲ್ ರೀಡರ್‌ನ ಗುಂಡಿ. ರೀಡರ್ 2013ರ ಜುಲೈನಲ್ಲಿ, ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದವು. ಅನಿಮೇಷನ್‌ಗಳನ್ನು ಆಡಿಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತಿತು. ಒಡೆಯರು ಮರೆತ ಹಳೆಯ ಪುಟಗಳಲ್ಲಿ ಆ ಗುಂಡಿಗಳು ಇಂದಿಗೂ ಬಾಡಿದ ತೋರಣದಂತೆ ನೇತಾಡುತ್ತಿವೆ.

ಅದೇ ಕಾಲದಲ್ಲಿ ಸದ್ದಿಲ್ಲದೆ ಉಪಕಾರ ಮಾಡಿದ ತೊಡವುಗಳೂ ಇದ್ದವು. ವಿಕಿಪೀಡಿಯದ ಪುಟದಲ್ಲೇ ಭಾರತೀಯ ಭಾಷೆಗಳನ್ನು ಒತ್ತಲು ನೆರವಾಗುವ 'ನಾರಾಯಂ' ಎಂಬ ವಿಸ್ತರಣೆ 2011ರ ಸುಮಾರಿಗೆ ಬಳಕೆಗೆ ಬಂತು. 2013ರಲ್ಲಿ ಅದನ್ನು ತೆಗೆದು ಬೇರೊಂದನ್ನು ಕೂರಿಸಿದರು. ಕನ್ನಡ ವಿಕಿಪೀಡಿಯವನ್ನು ಓದುವವರಲ್ಲಿ ಒಬ್ಬರಿಗೂ ಈ ಬದಲಾವಣೆ ತಿಳಿದಿರಲಾರದು. ಬರೆದ ಒಂದು ಅಕ್ಷರವೂ ಅಲುಗಲಿಲ್ಲ. ಡೈನಮಿಕ್ ಫಾಂಟ್ ಹೋದಾಗ ಏನಾಯಿತು, ನಾರಾಯಂ ಹೋದಾಗ ಏನಾಯಿತು ಎಂಬುದನ್ನು ಓದುಗರು ಜೊತೆಗಿಟ್ಟು ನೋಡಬೇಕೆಂದು ನನ್ನ ವಿನಂತಿ. ಪ್ಲಗಿನ್ ಆಯುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟಿದ್ದು: ನಾಳೆ ಇದನ್ನು ಕಿತ್ತರೆ ನನ್ನ ಬರಹದಲ್ಲಿ ಏನು ಉಳಿಯುತ್ತದೆ? ಕೆಲವು ಪ್ಲಗಿನ್ನುಗಳು ಬರಹದ ನಡುವೆ ಚೌಕ ಕಂಸದಲ್ಲಿ ತಮ್ಮದೇ ಸಂಕೇತಗಳನ್ನು ನೆಡುತ್ತವೆ. ಅವು ಇರುವವರೆಗೆ ಅಂದವಾದ ಕೋಷ್ಟಕ, ಚಿತ್ರಮಾಲೆ. ತೆಗೆದ ದಿನ ಪುಟದ ತುಂಬ ಅರ್ಥವಿಲ್ಲದ ಕಂಸಗಳು. ಅಂಥವನ್ನು ನಾನು ಹತ್ತಿರ ಸೇರಿಸುವುದಿಲ್ಲ.

ಎರಡನೆಯ ಪ್ರಶ್ನೆ, ಇದು ಕನ್ನಡವನ್ನು ಬಲ್ಲದೆ ಎಂಬುದು. ಪ್ಲಗಿನ್ ಬರೆದವರಲ್ಲಿ ಹೆಚ್ಚಿನವರ ಕಣ್ಣ ಮುಂದಿದ್ದದ್ದು ಇಂಗ್ಲಿಷ್. 'ಸಂಬಂಧಿಸಿದ ಬರಹಗಳು' ಎಂದು ಅಡಿಯಲ್ಲಿ ತೋರಿಸುವ ಪ್ಲಗಿನ್ನುಗಳು ಪದಕ್ಕೆ ಪದ ಹೋಲಿಸಿ ನೋಡುತ್ತವೆ. ನಮ್ಮಲ್ಲಿ ಹಿರಿಯೂರು, ಹಿರಿಯೂರಿನಲ್ಲಿ, ಹಿರಿಯೂರಿಗೆ, ಹಿರಿಯೂರಿನವರು ಎಲ್ಲವೂ ಒಂದೇ ಊರೆಂದು ಅವಕ್ಕೆ ಹೇಗೆ ತಿಳಿಯಬೇಕು? ಅದಕ್ಕಿಂತ ಬರಹದ ಕೊನೆಯಲ್ಲಿ ನಾವೇ ಕೈಯಾರೆ ಎರಡು ಕೊಂಡಿ ಕೊಡುವುದು ಲೇಸು. ಅನಗತ್ಯ ಗುರುತುಗಳನ್ನು ತೊಳೆದು ಶುದ್ಧ ಮಾಡುತ್ತೇವೆನ್ನುವ ಪ್ಲಗಿನ್ನುಗಳ ಬಗೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆದಿರುವುದು ಕಣ್ಣಿಗೆ ಕಾಣದ ಒಂದು ಗುರುತು. ಅದನ್ನು ಕಸವೆಂದು ಗುಡಿಸಿದರೆ ಅಣ್ಣಾವ್ರ ಹೆಸರು 'ರಾಜ್ಕುಮಾರ್' ಆಗುತ್ತದೆ.

ವಿಳಾಸದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಬಹುಮಂದಿಗೆ ಗೊತ್ತಿಲ್ಲ. 'ಹಿರಿಯೂರು' ಎಂದು ಬರೆಯಲು ಕೆ. ಪಿ. ರಾವ್ ಕೀಲಿಮಣೆಯಲ್ಲಿ ಎಂಟು ಕೀಲಿ ಸಾಕು. ಒಳಗೂ ಎಂಟೇ ಸಂಕೇತ. ಆದರೆ ಜಾಲದಲ್ಲಿ ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಪುಟದ ವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಸೇರಿಸಿ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ಅಲ್ಲಿಗೆ ಎಂಟು ಸಂಕೇತದ ಹಿರಿಯೂರು ವಿಳಾಸದಲ್ಲಿ 72 ಅಕ್ಷರಗಳಾಗುತ್ತದೆ. ವರ್ಡ್‌ಪ್ರೆಸ್ ಬರಹದ ವಿಳಾಸಕ್ಕೆ ಕೊಟ್ಟಿರುವ ಜಾಗ 200 ಅಕ್ಷರ. 'ವೇದಾವತಿ ತೀರದ ತೇರುಮಲ್ಲೇಶ್ವರ ದೇವಾಲಯ' ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ 'ತೇರುಮಲ್ಲೇಶ್' ಎಂಬಲ್ಲಿಗೆ ಕಡಿದುಹೋಗುತ್ತದೆ. ದೇವರ ಹೆಸರೂ ಅರ್ಧ, ದೇವಾಲಯವೂ ಇಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಪ್ಲಗಿನ್ನುಗಳಿವೆ. ಆದರೆ ಪ್ರಕಟಿಸುವ ಮುನ್ನ ವಿಳಾಸದ ಚೌಕದಲ್ಲಿ ನಾವೇ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದ ಬರೆದರೆ ಕೆಲಸ ಮುಗಿಯಿತು. ಇಂಥದಕ್ಕೂ ಒಂದು ಪ್ಲಗಿನ್ ಏಕೆ?

ಈ ಮೂರು ಬೈಟಿನ ಲೆಕ್ಕದಲ್ಲಿ ಒಂದು ಶುಭವಾರ್ತೆಯೂ ಅಡಗಿದೆ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟು ಎಲ್ಲಕ್ಕೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಹೀಗೆ ಮರುಕಳಿಸುವುದು ಹೆಚ್ಚಿರುವುದರಿಂದ ಕಳಿಸುವ ಮುನ್ನ ಮಡಿಸಿ ಅಡಕ ಮಾಡಿದರೆ ಕನ್ನಡ ಪುಟ ಬಹಳ ಚಿಕ್ಕದಾಗುತ್ತದೆ. ಹಿಂದೆ ದೂರವಾಣಿ ತಂತಿಯ ಸಂಪರ್ಕ ಸೆಕೆಂಡಿಗೆ 56 ಕಿಲೋಬಿಟ್ ಎಂದು ಹೇಳಿಕೊಂಡರೂ ತುಂಬಿ ಬಂದರೆ ಏಳು ಕಿಲೋಬೈಟ್. ನೂರು ಕಿಲೋಬೈಟ್‌ನ ಪುಟಕ್ಕೆ ಕಾಲು ನಿಮಿಷ ಕಾಯಬೇಕಾಗಿತ್ತು. ಈಗ ವೇಗ ಹೆಚ್ಚಿದೆ ನಿಜ. ಆದರೂ ಊರಿನಿಂದ ನಾಲ್ಕು ಮೈಲಿ ಆಚೆ ತೋಟದ ಮನೆಯಲ್ಲಿ ಕುಳಿತು ಫೋನಿನಲ್ಲಿ ಓದುವವರು ನನ್ನ ಓದುಗರಲ್ಲಿದ್ದಾರೆ. ಸಿದ್ಧಪಡಿಸಿದ ಪುಟವನ್ನು ಕಾದಿರಿಸಿ, ಅಡಕ ಮಾಡಿ ಕಳಿಸುವ ಒಂದು ಪ್ಲಗಿನ್ ಅವರಿಗಾಗಿ ಇರಲಿ. ನೀವು ಸ್ಥಳ ಪಡೆದಿರುವ ಸಂಸ್ಥೆಯೇ ಆ ಕೆಲಸವನ್ನು ಮಾಡುತ್ತಿದ್ದರೆ ಅದೂ ಬೇಡ. ಪ್ರತಿಕ್ರಿಯೆಗಳಿಗೆ ಅವಕಾಶ ಕೊಟ್ಟವರಿಗೆ ಔಷಧ, ಲಾಟರಿಗಳ ಕಸವನ್ನು ಸೋಸುವ ಒಂದು ಜರಡಿ ಬೇಕೇ ಬೇಕು. 2005ರಲ್ಲಿ ಬಂದ 'ಅಕಿಸ್ಮೆಟ್' ಇಂದಿಗೂ ಆ ಕೆಲಸವನ್ನು ಮಾಡುತ್ತಿದೆ.

ಪ್ರತಿ (ಬ್ಯಾಕಪ್) ತೆಗೆದಿಡುವ ಪ್ಲಗಿನ್ ಬೇಕೆ ಎಂದರೆ, ನಮ್ಮ ಮಾರಿಕಣಿವೆಯನ್ನು ನೋಡಿ ಬನ್ನಿ ಎನ್ನುತ್ತೇನೆ. ವಾಣಿವಿಲಾಸ ಸಾಗರದ ಕಟ್ಟೆಯ ಕೆಲಸ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿಯಿತು. ಕಟ್ಟಿದವರು ಪಕ್ಕದಲ್ಲಿ ಕೋಡಿಯನ್ನೂ ಬಿಟ್ಟಿದ್ದರು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ, ಎರಡು ತಲೆಮಾರು ಅದನ್ನು ಒಣಗಿದ್ದ ಕಲ್ಲುಹಾಸಾಗಿಯೇ ಕಂಡಿತು. ನನ್ನ ವಿದ್ಯಾರ್ಥಿಗಳು "ಇದು ಯಾತಕ್ಕೆ ಸಾರ್?" ಎಂದು ಕೇಳಿದ್ದುಂಟು. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ, ನೀರು 130 ಅಡಿ ದಾಟಿ ಕೋಡಿಯ ಮೇಲೆ ಹರಿಯಿತು; 2025ರಲ್ಲಿ ಮತ್ತೆ ಹರಿಯಿತು. ಕೋಡಿ ಬೀಳುವುದನ್ನು ಕಾಣಲು ತಂಡೋಪತಂಡವಾಗಿ ಹೋದ ಜನರಲ್ಲಿ ನಾನೂ ಒಬ್ಬ. ದಿನವೂ ಉಪಯೋಗಕ್ಕೆ ಬಾರದೆಂದು ಕೋಡಿಯನ್ನು ಮುಚ್ಚಿಬಿಟ್ಟಿದ್ದರೆ ಕಟ್ಟೆಯ ಗತಿಯೇನು?

ಪ್ರತಿ ತೆಗೆದರಷ್ಟೇ ಸಾಲದು, ತೆರೆದು ನೋಡಬೇಕು. ಹಳೆಯ ದತ್ತಕೋಶಗಳು ರೋಮನ್ ಲಿಪಿಗೆಂದೇ ಹೊಂದಿಸಿದ್ದವು. ಅಂಥಲ್ಲಿಂದ ತೆಗೆದ ಪ್ರತಿಯಲ್ಲಿ ಕನ್ನಡವಿರಬೇಕಾದ ಕಡೆ ವಿಚಿತ್ರ ರೋಮನ್ ಗುರುತುಗಳಿದ್ದರೆ ಇನ್ನೂ ಆಸೆಯಿದೆ. ಸರಿಯಾದ ಕ್ರಮದಲ್ಲಿ ಓದಿಸಿದರೆ ಕನ್ನಡ ಮರಳಿ ಬರಬಹುದು. ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲುಗಟ್ಟಿದ್ದರೆ ಆ ಪ್ರತಿಯಿಂದ ಏನೂ ಬಾರದು. ಎಲ್ಲ ಅಕ್ಷರಕ್ಕೂ ಒಂದೇ ಚಿಹ್ನೆ ಬಿದ್ದಮೇಲೆ ಯಾವುದು ಕ, ಯಾವುದು ಗ ಎಂದು ಹೇಳುವವರಾರು? ವರ್ಡ್‌ಪ್ರೆಸ್‌ನಲ್ಲಿ ಬರಹಗಳನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ ಮೂಲದಲ್ಲಿಯೇ ಇದೆ. ಚಿತ್ರಗಳ ಕಡತಗಳು ಅದರಲ್ಲಿ ಬಾರವು, ಅವಕ್ಕೆ ಮಾತ್ರ ಪ್ಲಗಿನ್ನಿನ ನೆರವು ಬೇಕಾದೀತು. ನಾನು ತಿಂಗಳಿಗೊಮ್ಮೆ ಆ ಕಡತವನ್ನು ಇಳಿಸಿ, ಬರಿಯ ಪಠ್ಯ ತೋರಿಸುವ ನೋಟ್‌ಪ್ಯಾಡ್‌ನಲ್ಲಿ ತೆರೆದು, 'ಚಿತ್ರದುರ್ಗ' ಎಂದು ಹುಡುಕಿ ನೋಡುತ್ತೇನೆ.

ಇನ್ನೊಂದು ಸಂಗತಿ ಬಿಟ್ಟುಹೋಗಬಾರದು. ಪ್ಲಗಿನ್ ಎಂದರೆ ಯಾರೋ ಒಬ್ಬರು ಬರೆದದ್ದು. ಅವರು ಬೇಸತ್ತು ಬಿಡಬಹುದು, ಮಾರಲೂಬಹುದು. 'ಡಿಸ್‌ಪ್ಲೇ ವಿಜೆಟ್ಸ್' ಎಂಬ, ಸುಮಾರು ಎರಡು ಲಕ್ಷ ತಾಣಗಳಲ್ಲಿದ್ದ ಪ್ಲಗಿನ್ 2017ರಲ್ಲಿ ಕೈಬದಲಾಯಿತು. ಕೊಂಡವರು ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲಿಟ್ಟು, ತಾಣದ ಒಡೆಯರಿಗೆ ತಿಳಿಯದಂತೆ ಜಾಹೀರಾತಿನ ಬರಹಗಳನ್ನು ತುರುಕಿದರು. ಭಂಡಾರದವರು ಹಲವು ಸಲ ತಡೆದು ಕಡೆಗೆ ಸೆಪ್ಟೆಂಬರ್‌ನಲ್ಲಿ ಅದನ್ನು ಶಾಶ್ವತವಾಗಿ ಹೊರಹಾಕಿದರು. ಆದ್ದರಿಂದ ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬುದಕ್ಕಿಂತ, ಕೊನೆಯ ಬಾರಿ ಯಾವಾಗ ಪರಿಷ್ಕರಿಸಿದ್ದಾರೆ, ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆಯೇ ಎಂಬುದನ್ನು ನಾನು ನೋಡುತ್ತೇನೆ. ಬಳಸದ ಪ್ಲಗಿನ್ನನ್ನು ನಿಲ್ಲಿಸಿಟ್ಟರೆ ಸಾಲದು, ಅಳಿಸಬೇಕು.

ಇಷ್ಟೆಲ್ಲ ಸೋಸಿದ ಮೇಲೆ ನನ್ನ ತಾಣದಲ್ಲಿ ಉಳಿದಿರುವುದು ಮೂರು: ಕಸ ಸೋಸುವುದೊಂದು, ಪುಟವನ್ನು ಹಗುರ ಮಾಡುವುದೊಂದು, ಚಿತ್ರಗಳ ಪ್ರತಿ ತೆಗೆಯುವುದೊಂದು. ಸಹೋದ್ಯೋಗಿ ಮಿತ್ರರ ಸಂಗ್ರಹವನ್ನು ಯೂನಿಕೋಡ್‌ಗೆ ತಂದು, ಯಾವ ಅಲಂಕಾರವೂ ಇಲ್ಲದ ಪುಟಗಳಲ್ಲಿ ಏರಿಸುತ್ತಿದ್ದೇನೆ. ಕರಡಚ್ಚಿನ ಆ ಹದಿನಾರು ಹಾಳೆಗಳಲ್ಲಿ ಎಲ್ಲಿಯೂ ಬಾರದ ಐದು ಗುರುತುಗಳು ಕಡತದಲ್ಲಿವೆ. ಅವು ಬರುವ ಸಾಲುಗಳಲ್ಲಿ ಸದ್ಯಕ್ಕೆ ಚುಕ್ಕೆ ಇಟ್ಟಿದ್ದೇನೆ. ಹಟ್ಟಿಯ ಹಿರಿಯ ಹೆಣ್ಣುಮಗಳೊಬ್ಬರು ಆ ಪದಗಳನ್ನು ಇನ್ನೂ ಬಾಯಲ್ಲಿ ಹೇಳಬಲ್ಲರೆಂದು ತಿಳಿದು, ಕಳೆದ ವಾರ ಹೋಗಿ ಸಾಲುಗಳನ್ನು ಓದಿ ಕೇಳಿಸಿದೆ. ಚುಕ್ಕೆಯ ಜಾಗ ಬಂದಾಗ ನಾನು ನಿಂತೆ. ಆಕೆ ನಿಲ್ಲದೆ ಮುಂದುವರಿಸಿದರು. ಐದರಲ್ಲಿ ಮೂರು ಗುರುತು ಬಿಡಿಸಿದವು. ಉಳಿದೆರಡಕ್ಕೆ, ಸುಗ್ಗಿ ಕಳೆಯಲಿ, ಆಮೇಲೆ ಬನ್ನಿ ಎಂದಿದ್ದಾರೆ.